ಕಣ ತೊಳೆಯುವ ಮಳೆ

ಆಗಸ್ಟ್ 24, ಶನಿವಾರ

ಬೆಳಿಗ್ಗೆಯಿಂದ ಏಣಿ ಹತ್ತಿದ್ದು, ಇಳಿದದ್ದು, ಇಷ್ಟೇ ಆಯಿತು. ಮೇಲೆ ಕೂತರೆ ಕಾಲು ಕೆಳಗೆ ಎಳೆಯುತ್ತದೆ. ಕೆಳಗೆ ಬಂದರೆ ಮಾಡಲು ಏನೂ ಇಲ್ಲ, ಮತ್ತೆ ಮೇಲೆ. ಈ ಕಾವಲು ಗೋಪುರ ಅಂದರೆ ಕಬ್ಬಿಣದ ನಾಲ್ಕು ಕಾಲು, ತಗಡಿನ ಸೂರು, ಒಂದು ಕುರ್ಚಿ. ಕೆಳಗೆ ಮಲಗುವುದಕ್ಕೊಂದು ಕೋಣೆ. ಸುತ್ತ ಕಾಡು, ಕಾಡಿನಾಚೆ ಮತ್ತೆ ಕಾಡು. ತುಂಬಾ ದೂರದಲ್ಲಿ ಗೆರೆ ಎಳೆದಂತೆ ಸಮುದ್ರ. ಅಲ್ಲಿ ತಬರ್ಕಾ ಊರು. ಅಲ್ಲಿ ಜನ ದಡದಲ್ಲಿ ಕೂತು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ.

ನನ್ನ ಕೆಲಸ ಹೊಗೆ ನೋಡುವುದು. ಕಂಡರೆ ವೈರ್‌ಲೆಸ್ಸಿನಲ್ಲಿ ಹೇಳುವುದು. ಜೂನಿನಿಂದ ಕೂತಿದ್ದೇನೆ, ಇಲ್ಲಿಯವರೆಗೆ ಒಂದು ಎಳೆ ಹೊಗೆ ಕಂಡಿಲ್ಲ. ಕಾಣದಿದ್ದರೆ ಒಳ್ಳೆಯದು ಅಂತಾರೆ ಎಲ್ಲರೂ. ಕೂತವನ ಕಷ್ಟ ಅವರಿಗೇನು ಗೊತ್ತು. ಅದಕ್ಕೇ ಇವತ್ತಿನಿಂದ ಬರೆಯೋಣ ಅಂತ ಕೂತೆ. ಹತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದು ಕಡಿಮೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಯಾರು ನೋಡಬೇಕು?

ನಾನು ಇಲ್ಲಿ ಕೂತಿರುವುದು ನಜ್ಲಾಗಾಗಿ. ಅವಳ ಅಪ್ಪ ಮೆಕ್ಕಿ ಕಾಕಾ ಈ ಕಾಡಿನ ಕಾವಲುಗಾರರಿಗೆಲ್ಲ ಮುಖ್ಯಸ್ಥ. ಮೇ ತಿಂಗಳಲ್ಲಿ ಧೈರ್ಯ ಮಾಡಿ ಅವರ ಮುಂದೆ ಹೋಗಿ ನಿಂತೆ. ಅವರು ಕಾಫಿ ಕುಡಿಯುತ್ತಾ ನನ್ನ ಚರಿತ್ರೆಯನ್ನೆಲ್ಲ ಹೇಳಿದರು. ಬೇಕರಿ ಬಿಟ್ಟದ್ದು, ಮೆಕ್ಯಾನಿಕ್ ಅಂಗಡಿ ಬಿಟ್ಟದ್ದು, ಬೆಂಡಿನ ಮರದ ತೊಗಟೆ ಲಾರಿಗೆ ತುಂಬುವ ಕೆಲಸವನ್ನು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಬಿಟ್ಟದ್ದು. ನನಗೇ ಮರೆತಿದ್ದನ್ನೂ ಹೇಳಿದರು.

"ಮಗಾ, ನೀನು ಕೆಟ್ಟವನಲ್ಲ. ಆದ್ರೆ ನೀನು ಕೂತ ಕಡೆ ಕೂರಲ್ಲ. ಕೂರದೋನು ಮನೆ ಹೆಂಗೆ ನಡೆಸ್ತಾನೆ?"

"ಕೂತ್ಕೋತೀನಿ ಕಾಕಾ."

"ಹಂಗಾದ್ರೆ ಕೂತು ತೋರಿಸು. ಮೂರನೇ ಗೋಪುರ ಖಾಲಿ ಇದೆ. ಕಣ ತೊಳೆಯೋ ಮಳೆ ಬರೋ ತನಕ ಅಲ್ಲಿರು. ಮಳೆ ಬಿದ್ದ ವಾರದಲ್ಲೇ ನಿಮ್ಮಮ್ಮನ ಜೊತೆ ಬಾ. ಫಾತಿಹಾ ಓದಿ ಮದುವೆ ಮಾತು ಗಟ್ಟಿ ಮಾಡೋಣ. ನಡುವೆ ಎದ್ದು ಬಂದ್ಯೋ, ನಮ್ಮನೆ ಬಾಗಿಲು ಎಲ್ಲಿತ್ತು ಅನ್ನೋದನ್ನೇ ಮರೆತುಬಿಡು."

ಸುಗ್ಗಿ ಮುಗಿದು ಖಾಲಿ ಬಿದ್ದ ಕಣಗಳ ಹೊಟ್ಟು ತೊಳೆದುಕೊಂಡು ಹೋಗುವ ಮೊದಲ ಮಳೆ ಅದು. ಒಂದು ವರ್ಷ ಆಗಸ್ಟಿನಲ್ಲೇ ಬರುತ್ತದೆ, ಒಂದು ವರ್ಷ ಸೆಪ್ಟೆಂಬರ್ ಕಳೆದರೂ ಬರುವುದಿಲ್ಲ. ಇವತ್ತು ಆಕಾಶ ತೊಳೆದಿಟ್ಟ ತಟ್ಟೆ. ಒಂದು ಮೋಡ ಇಲ್ಲ.

ಆಗಸ್ಟ್ 27, ಮಂಗಳವಾರ

ಸೆಕೆ. ಕುರ್ಚಿಯ ಒಂದು ಕಾಲು ಕುಂಟುತ್ತದೆ. ಇಡೀ ದಿನ ಅದನ್ನು ಟಕಟಕ ಅನ್ನಿಸುತ್ತಾ ಕೂತಿದ್ದೆ.

ಆಗಸ್ಟ್ 30, ಶುಕ್ರವಾರ

ಶಿಹಾಬ್ ಬಂದಿದ್ದ. ನಜ್ಲಾಳ ಅಣ್ಣ. ಐನ್ ದ್ರಾಹಮ್ ಪೇಟೆಯಲ್ಲಿ ಬಸ್ ನಿಲ್ದಾಣದ ಪಕ್ಕ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ವಾರಕ್ಕೆರಡು ಸಲ ಬೈಕಿನಲ್ಲಿ ನೀರು, ರೊಟ್ಟಿ, ಟೊಮೆಟೊ, ಡಬ್ಬಿ ಮೀನು ತಂದುಕೊಡುವುದು ಅವನ ಪಾಲಿಗೆ ಬಿದ್ದಿದೆ. ಬೈಕಿನ ಸದ್ದು ಕೇಳಿದರೆ ನನಗೆ ಹಬ್ಬ. ಆದರೆ ಅವನ ಬಾಯಿ ಕೆಟ್ಟದ್ದು.

"ಲೋ, ಇನ್ನೂ ಇದ್ದೀಯಾ? ನಮ್ಮೂರಿನ ಕಾಫಿ ಅಂಗಡೀಲಿ ನಿನ್ನ ಮೇಲೆ ಪಂದ್ಯ ಕಟ್ಟಿದಾರೆ."

"ನೀನು ಯಾವ ಕಡೆ ಕಟ್ದೆ?"

"ನಾನು ಮನೆಯೋನಪ್ಪ, ನಾನು ಕಟ್ಟಂಗಿಲ್ಲ. ಆದ್ರೆ ಕಟ್ಟಂಗಿದ್ರೆ ನೀನು ಓಡಿಹೋಗ್ತೀಯ ಅಂತಾನೇ ಕಟ್ತಿದ್ದೆ."

ಕಳೆದ ವರ್ಷವಾಗಿದ್ದರೆ ನಾನೂ ಹಾಗೇ ಕಟ್ಟುತ್ತಿದ್ದೆ.

ನಜ್ಲಾ ಏನಂದಳು ಅಂತ ಕೇಳಿದೆ. "ನಿನ್ನ ವಿಷಯ ನಾನು ಅವಳ ಹತ್ರ ಎತ್ತಲ್ಲ. ನಾನು ಎತ್ತಿದ್ರೆ ಅವಳು ಚಪ್ಪಲಿ ಎತ್ತುತಾಳೆ" ಅಂದ.

ಅವನು ಹೋದ ಮೇಲೆ ಕಾಡು ಮೊದಲಿಗಿಂತ ಜಾಸ್ತಿ ಸುಮ್ಮನಾಯಿತು. ನೀರಿನ ಊಟೆಯ ದಾರಿಯಲ್ಲಿ ಕಾಡೀರುಳ್ಳಿ ಹೂ ಬಿಟ್ಟಿದೆ. ಎಲೆಯೇ ಇಲ್ಲ, ಒಣ ನೆಲದಿಂದ ನೇರ ಎದ್ದ ಕೋಲು, ಅದರ ತುಂಬಾ ಬಿಳಿ ಹೂ. ಯಾರೋ ಮೇಣದಬತ್ತಿ ನೆಟ್ಟು ಹಚ್ಚುವುದನ್ನು ಮರೆತು ಹೋದ ಹಾಗಿತ್ತು. ನೋಡಿದೆ ಅಂತ ಬರೆದೆ ಅಷ್ಟೇ.

ಸೆಪ್ಟೆಂಬರ್ 3, ಮಂಗಳವಾರ

ಮರ್ಯಾದೆ ಹೋಯಿತು.

ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಮೇಲೆ ಹತ್ತಿದೆ. ಕೆಳಗಿನ ಹಳ್ಳದಿಂದ ಬೆಳ್ಳಗೆ ಏಳುತ್ತಿತ್ತು. ಮೊದಲು ಒಂದು ಕಡೆ, ಆಮೇಲೆ ಮೂರು ಕಡೆ. ವೈರ್‌ಲೆಸ್ ಹಿಡಿದು ಕೂಗಿದೆ.

"ಎಲ್ಲಿ?" ಮೆಕ್ಕಿ ಕಾಕಾನ ದನಿ.

"ಹಳ್ಳದ ಕಡೆ. ಬೆಳ್ಳಗಿದೆ ಕಾಕಾ. ಏಳ್ತಾ ಇದೆ!"

"ವಾಸನೆ?"

"ಇನ್ನೂ ಬಂದಿಲ್ಲ."

ಅವರು ಪಿಕಪ್ಪಿನ ತುಂಬಾ ಜನ, ಗುದ್ದಲಿ, ನೀರಿನ ಡ್ರಮ್ಮು ಹೇರಿಕೊಂಡು ಬಂದರು. ಬರುವಷ್ಟರಲ್ಲಿ ಬಿಸಿಲು ಬಂತು. ಬಿಸಿಲು ಬಂದದ್ದೇ ನನ್ನ ಹೊಗೆ ಎಳೆ ಎಳೆಯಾಗಿ ಮರದ ನಡುವೆ ಕರಗಿಹೋಯಿತು. ಮೆಕ್ಕಿ ಕಾಕಾ ಮೇಲೆ ಹತ್ತಿ ನನ್ನ ಪಕ್ಕ ನಿಂತು ನೋಡಿದರು.

"ವಜ್ದಿ, ಅದು ಮಂಜು."

ಕೆಳಗೆ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಂಜಿಗೆ ಕಾವಲು ಕೂತಿದಾನೆ ನಮ್ಮ ಅಳಿಯ!" ಅಂತ ಒಬ್ಬ. "ನಾಳೆ ಚಂದ್ರ ಹುಟ್ಟಿದ್ರೆ ಬೆಂಕಿ ಅಂತಾನೆ" ಅಂತ ಇನ್ನೊಬ್ಬ. ಅಳಿಯ ಅಂದದ್ದಕ್ಕೆ ಮೆಕ್ಕಿ ಕಾಕಾ ಅವನನ್ನು ಒಂದು ಸಲ ನೋಡಿದರು, ಅವನು ಬಾಯಿ ಮುಚ್ಚಿಕೊಂಡ.

ಇಳಿಯುವಾಗ ಕಾಕಾ ನನಗೆ ಮಾತ್ರ ಕೇಳುವ ಹಾಗೆ ಅಂದರು. "ಮಂಜು ಎದ್ರೆ ಬೇಸಿಗೆ ಮುಗೀತು ಅಂತ ಕಾಡು ಹೇಳ್ತಿದೆ. ಅದು ಹೇಳಿದ್ದನ್ನ ನೀನು ನಮಗೆ ಹೇಳಿದೆ. ತಪ್ಪೇನಿಲ್ಲ."

ತಪ್ಪೇನಿಲ್ಲ ಅಂದರೂ ಮುಖ ಇನ್ನೂ ಸುಡುತ್ತಿದೆ.

ಸೆಪ್ಟೆಂಬರ್ 6, ಶುಕ್ರವಾರ

ಗೋಪುರದಿಂದ ಸ್ವಲ್ಪ ಕೆಳಗೆ ಒಂದು ಬಂಡೆ ಇದೆ. ಅದರ ಮೇಲೆ ನಿಂತರೆ ಮಾತ್ರ ಫೋನಿಗೆ ಜೀವ ಬರುತ್ತದೆ. ನಜ್ಲಾ ಸಿಕ್ಕಳು.

"ಮಂಜಣ್ಣ, ಹೇಗಿದ್ದೀಯ?"

ಊರಿಗೆಲ್ಲ ಗೊತ್ತಾಗಿದೆ ಅಂತಾಯಿತು. ಹ್ಞೂಂ ಅಂದೆ, ಅಷ್ಟೇ.

"ಮುನಿಸಾ? ನೋಡು, ನಿಂಗೆ ಬಿಟ್ಟು ಬರೋ ಹಾಗಿದ್ರೆ ಈಗ್ಲೇ ಬಾ. ಅಕ್ಟೋಬರ್‌ನಲ್ಲಿ ಬಿಟ್ಟು ಬರಬೇಡ. ಅಲ್ಲೀ ತನಕ ಕಾದು ಆಮೇಲೆ ಅಳೋದು ನನ್ನ ಕೈಲಾಗಲ್ಲ."

"ಬರಲ್ಲ ಕಣೇ."

"ಯಾವುದು? ಬಿಟ್ಟು ಬರಲ್ಲ ಅಂತಾನಾ, ಮದುವೆಗೆ ಬರಲ್ಲ ಅಂತಾನಾ?"

ಅವಳಿಗೆ ನಗು ಬಂತು, ನನಗೂ ಬಂತು. ಆಮೇಲೆ ಬಂಡೆಯ ಮೇಲೇ ತುಂಬ ಹೊತ್ತು ಕೂತಿದ್ದೆ.

ಸೆಪ್ಟೆಂಬರ್ 9, ಸೋಮವಾರ

ಮುಂಜಾನೆ ಒಂದು ಸದ್ದಿಗೆ ಎಚ್ಚರವಾಯಿತು. ಹಳೇ ಲಾರಿ ಸ್ಟಾರ್ಟ್ ಆಗದೆ ಒದ್ದಾಡುವ ಹಾಗೆ. ಈ ಕಾಡಿನೊಳಗೆ ಯಾರ ಲಾರಿ? ಕೋಲು ಹಿಡಿದು ಹೊರಗೆ ಬಂದೆ. ಮತ್ತೆ ಬಂತು, ಈ ಸಲ ಹತ್ತಿರದಿಂದ, ಕೊನೆಯಲ್ಲಿ ಒಂದು ಕೆಮ್ಮು. ಎದುರಿನ ಗುಡ್ಡದಿಂದ ಇನ್ನೊಂದು ಉತ್ತರ ಕೊಟ್ಟಿತು.

ಬೆಳಕಾದ ಮೇಲೆ ಬೈನಾಕ್ಯುಲರಿನಲ್ಲಿ ಸಿಕ್ಕಿತು. ಗಂಡು ಜಿಂಕೆ. ಜರೀಗಿಡಗಳ ನಡುವೆ ನಿಂತು ಕತ್ತು ಚಾಚಿ ಕೂಗುತ್ತಿತ್ತು. ಕೊಂಬಿನಲ್ಲಿ ಒಣಹುಲ್ಲು ಸಿಕ್ಕಿಕೊಂಡಿತ್ತು, ಅದು ಅದಕ್ಕೆ ಗೊತ್ತಿರಲಿಲ್ಲ. ಊಟ ಬಿಟ್ಟಿರಬೇಕು, ಪಕ್ಕೆಲುಬು ಕಾಣುತ್ತಿದ್ದವು. ಹೆಣ್ಣು ಎಲ್ಲೂ ಕಾಣಲಿಲ್ಲ. ಪಾಪ ಅನ್ನಿಸಿತು. ನನಗಾದರೂ ಫೋನಿದೆ.

ಜರೀಗಿಡಗಳು ತುದಿಯಿಂದ ಕಂದು ಆಗಿವೆ. ಜುಲೈನಲ್ಲಿ ತೊಗಟೆ ಸುಲಿದ ಮರಗಳು ಆವಾಗ ಹಸಿ ಮಾಂಸದ ಹಾಗೆ ಕೆಂಪಗಿದ್ದವು. ಈಗ ಹಳೇ ಇಟ್ಟಿಗೆಯ ಬಣ್ಣಕ್ಕೆ ಬಂದಿವೆ. ಯಾವಾಗ ಬದಲಾಯಿತೋ, ದಿನಾ ನೋಡುತ್ತಿದ್ದವನಿಗೇ ತಿಳಿಯಲಿಲ್ಲ.

ಸೆಪ್ಟೆಂಬರ್ 12, ಗುರುವಾರ

ಲುತ್ಫಿ ಫೋನ್ ಮಾಡಿದ್ದ. ನನ್ನ ಶಾಲೆಯ ಗೆಳೆಯ, ತಬರ್ಕಾದ ಹೋಟೆಲಿನಲ್ಲಿದ್ದಾನೆ. "ದೋಣಿ ನೋಡ್ಕೊಳ್ಳೋ ಕೆಲಸ ಖಾಲಿ ಇದೆ. ಪ್ರವಾಸಿಗರನ್ನ ಕೂರಿಸ್ಕೊಂಡು ಸುತ್ತೋದು. ನಿನ್ನಂಥ ಕಾಲಿಗೆ ಹೇಳಿ ಮಾಡಿಸಿದ್ದು. ಆದ್ರೆ ನಾಳೇನೇ ಬರಬೇಕು. ಇಲ್ಲಾಂದ್ರೆ ಮಾಲೀಕರು ಬೇರೆಯವನ್ನ ಇಟ್ಕೋತಾರೆ."

ಸಮುದ್ರದ ಮೇಲೆ ದಿನಕ್ಕೊಂದು ದಿಕ್ಕು. ಇಲ್ಲಿ ದಿನಾ ಅದೇ ಕುರ್ಚಿ.

ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಧ್ಯಾಹ್ನ ಚೀಲ ಕಟ್ಟಿದೆ. ನಜ್ಲಾಗೆ ಆಮೇಲೆ ಹೇಳಿದರಾಯಿತು, ದುಡಿಮೆ ಇದ್ದರೆ ಕಾಕಾನೂ ಒಪ್ಪುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡು ಇಳಿದೆ. ಊಟೆ ದಾಟಿದೆ, ದೊಡ್ಡ ತಿರುವಿಗೆ ಬಂದೆ. ಅಲ್ಲಿಂದ ಡಾಂಬರು ರಸ್ತೆ ಕಾಣುತ್ತದೆ, ಬಸ್ಸಿನ ಹಾರನ್ನೂ ಕೇಳುತ್ತದೆ. ಅಷ್ಟರಲ್ಲಿ ಬೈನಾಕ್ಯುಲರನ್ನು ಕುರ್ಚಿಯ ಮೇಲೇ ಬಿಟ್ಟು ಬಂದದ್ದು ನೆನಪಾಯಿತು. ಸರಕಾರದ ಸಾಮಾನು. ಬಿಸಿಲಿಗೆ ಗಾಜು ಹಾಳಾಗುತ್ತದೆ. ಎತ್ತಿಟ್ಟು ಬರೋಣ ಅಂತ ವಾಪಸ್ ಹತ್ತಿದೆ.

ಹತ್ತಿದವನು ಹೇಗೂ ಬಂದಿದ್ದೀನಲ್ಲ ಅಂತ ಒಂದು ಸುತ್ತು ನೋಡಿದೆ. ತಲೆಯ ಮೇಲೆ ಜೇನುಗಳ್ಳ ಹಕ್ಕಿಗಳ ಹಿಂಡು ದಕ್ಷಿಣಕ್ಕೆ ಹೋಗುತ್ತಿತ್ತು. ಹಿಂಡು ಮುಗಿಯಿತು ಅನ್ನುವಾಗ ಮತ್ತೊಂದು. ಅವು ಹೋಗುವಷ್ಟರಲ್ಲಿ ಬಸ್ಸು ಹೋಗಿತ್ತು.

ಸೆಪ್ಟೆಂಬರ್ 15, ಭಾನುವಾರ

ಲುತ್ಫಿ ಫೋನ್ ಮಾಡಿದ. ಬೇರೆಯವನನ್ನು ಇಟ್ಟುಕೊಂಡರಂತೆ. ಸರಿ ಅಂದೆ.

ಓಕ್ ಮರದ ಕಾಯಿ ಉದುರಲು ಶುರುವಾಗಿದೆ. ಇನ್ನೂ ಹಸಿರು, ಹುಳ ಹಿಡಿದವು ಮೊದಲು ಬೀಳುತ್ತವೆ. ತಗಡಿನ ಸೂರಿನ ಮೇಲೆ ಟಪ್ ಅಂದಾಗಲೆಲ್ಲ ಮಳೆಹನಿ ಅಂತ ಕತ್ತೆತ್ತಿ ನೋಡುತ್ತೇನೆ.

ಸೆಪ್ಟೆಂಬರ್ 17, ಮಂಗಳವಾರ

ಸಂಜೆ ಪಶ್ಚಿಮದಲ್ಲಿ ಕಪ್ಪಗೆ ಕಟ್ಟಿತು. ಗುಡುಗು. ನಾನು ಕಂಬ ಹಿಡಿದು ನಿಂತೆ. ಮಳೆ ಬಂದದ್ದು ಕಣ್ಣಿಗೆ ಕಂಡಿತು. ನಮ್ಮೂರಿನ ಮೇಲೆ, ಪೇಟೆಯ ಕೆಂಪು ಹೆಂಚುಗಳ ಮೇಲೆ, ಮೊದಲ ಎರಡು ಗೋಪುರಗಳ ಮೇಲೆ ಬೂದು ಪರದೆ ಎಳೆದ ಹಾಗೆ ಬಂತು. ನನ್ನ ಗುಡ್ಡದ ಬುಡದ ತನಕ ಬಂತು. ಮಣ್ಣಿನ ವಾಸನೆ ಮೂಗಿಗೆ ಬಂತು. ಅಲ್ಲಿಂದ ಕಡಲಿನ ಕಡೆ ಹೊರಳಿ ಹೋಯಿತು.

ಇಲ್ಲಿ ಒಂದು ಹನಿ ಬೀಳಲಿಲ್ಲ.

ವೈರ್‌ಲೆಸ್ಸಿನಲ್ಲಿ ಗದ್ದಲವೋ ಗದ್ದಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೊನೆಗೆ ಮೆಕ್ಕಿ ಕಾಕಾ: "ಕಣ ತೊಳೀತು. ದೇವರು ದೊಡ್ಡವನು. ಎಲ್ಲ ಇಳೀರಪ್ಪ, ಮನೆಗೆ ಹೋಗಿ."

"ಕಾಕಾ, ಮೂರನೇ ಗೋಪುರದಲ್ಲಿ ಬಂದಿಲ್ಲ."

ಯಾರೋ ನಕ್ಕರು. "ಮಂಜು ಕಂಡ್ರೆ ಹೊಗೆ ಅಂತಾನೆ, ಮಳೆ ಬಂದ್ರೆ ಇಲ್ಲ ಅಂತಾನೆ!"

ಕಾಕಾ, "ನೀನು ಕಂಡಂಗೆ ಮಾಡು" ಅಂದರು. ಬೇಜಾರಿನಲ್ಲಿ ಅಂದರೋ, ನಿದ್ದೆಗಣ್ಣಿನಲ್ಲೋ, ತಿಳಿಯಲಿಲ್ಲ.

ಸೆಪ್ಟೆಂಬರ್ 18, ಬುಧವಾರ

ಅಮ್ಮ ಫೋನಿನಲ್ಲಿ ಅಳುತ್ತಾ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಹೀಗೆ ನಕ್ಕದ್ದು ಕೇಳಿರಲಿಲ್ಲ. ಶುಕ್ರವಾರದ ನಮಾಜಿನ ಮೇಲೆ ಫಾತಿಹಾ ಓದುವುದು ಅಂತ ನಿಶ್ಚಯವಾಗಿದೆ. ಮೆಕ್ಕಿ ಕಾಕಾನ ಮನೆಯಲ್ಲಿ ಕುರಿ ಕಡಿಯುತ್ತಾರಂತೆ. ಅಮ್ಮ ಸಕ್ಕರೆ, ಮೆಹಂದಿ, ಬಾದಾಮಿ ಸಿಹಿ ಎಲ್ಲ ತಂದಿಟ್ಟಿದ್ದಾಳೆ. ಶಿಹಾಬ್ ಸಂಜೆ ನನ್ನ ಬಿಳಿ ಅಂಗಿ ತಂದುಕೊಟ್ಟ, ಇಸ್ತ್ರಿ ಹಾಕಿದ್ದು.

"ಪಂದ್ಯದಲ್ಲಿ ಅರ್ಧ ಊರೇ ಸೋತುಹೋಯ್ತು ಕಣೋ" ಅಂದ. ಖುಷಿಯಲ್ಲಿದ್ದ.

ಶುಕ್ರವಾರ ಒಂದು ಮಧ್ಯಾಹ್ನ ಇಳಿದು, ಸಂಜೆಗೆ ವಾಪಸ್ ಬಂದರಾಯಿತು. ಅಷ್ಟರಲ್ಲಿ ಇಲ್ಲೂ ಬರಬಹುದು.

ಸೆಪ್ಟೆಂಬರ್ 20, ಶುಕ್ರವಾರ

ಬೆಳಿಗ್ಗೆಯೇ ಗಡ್ಡ ಕೆರೆದೆ, ಎರಡು ಕಡೆ ಕುಯ್ದುಕೊಂಡೆ. ಅಂಗಿ ಹಾಕಿದೆ. ಕನ್ನಡಿ ಇಲ್ಲ, ನೀರಿನ ಡ್ರಮ್ಮಿನಲ್ಲಿ ಮುಖ ನೋಡಿಕೊಂಡೆ. ಪರವಾಗಿಲ್ಲ.

ಬೀಗ ಹಾಕುವಾಗ ಕತ್ತಿನ ಹಿಂದೆ ಬಿಸಿ ತಾಗಿತು. ಯಾರೋ ಒಲೆಯ ಬಾಗಿಲು ತೆರೆದ ಹಾಗೆ. ತಿರುಗಿದೆ. ಗಾಳಿ ದಿಕ್ಕು ಬದಲಿಸಿ ದಕ್ಷಿಣದಿಂದ ಬೀಸುತ್ತಿತ್ತು. ಮರಳುಗಾಡಿನ ಗಾಳಿ, ನಾವು ಶೆಹಿಲಿ ಅನ್ನುವುದು. ನೋಡುತ್ತಿದ್ದ ಹಾಗೆ ಪೊದೆಗಳ ಎಲೆ ಮಡಿಚಿಕೊಂಡವು. ಜರೀಗಿಡ ಕಾಗದದ ಹಾಗೆ ಸದ್ದು ಮಾಡತೊಡಗಿತು. ಒಂದು ಹಿಡಿ ಎಲೆ ತೆಗೆದು ಹಿಂಡಿದೆ. ಪುಡಿಯಾಗಿ ಬೆರಳಿನ ಸಂದಿಯಿಂದ ಹಾರಿಹೋಯಿತು. ಈ ಗಾಳಿಗೆ ಒಂದು ಕಿಡಿ ಬಿದ್ದರೆ ಸಾಕು.

ವೈರ್‌ಲೆಸ್ ಹಿಡಿದೆ. "ಒಂದನೇ ಗೋಪುರ?" ಉತ್ತರವಿಲ್ಲ. "ಎರಡನೇ ಗೋಪುರ?" ಇಲ್ಲ. ಇರುವುದು ಹೇಗೆ, ಎಲ್ಲರೂ ನನ್ನದೇ ಊಟಕ್ಕೆ ಹೋಗಿದ್ದಾರೆ.

ಬಂಡೆಗೆ ಓಡಿದೆ.

"ಅಮ್ಮಾ, ನಾನು ಬರೋಕಾಗಲ್ಲ. ಗಾಳಿ ತಿರುಗಿದೆ."

"ಏನು ತಿರುಗಿದೆ? ನಿನ್ನ ತಲೆ ತಿರುಗಿದ್ಯಾ? ಇಲ್ಲಿ ಜನ ಕೂತಿದಾರೆ ಕಣೋ! ಇಮಾಮ್ ಬಂದಿದಾರೆ!"

"ಇಲ್ಲಿ ಮಳೆ ಬಂದಿಲ್ಲಮ್ಮ. ಬೇರೆ ಯಾರೂ ಇಲ್ಲ."

"ಗಾಳಿಗೂ ಫಾತಿಹಾಗೂ ಏನೋ ಸಂಬಂಧ? ನಾನು ಅವರಿಗೆ ಏನಂತ ಮುಖ ತೋರಿಸ್ಲಿ?"

"ಮೆಕ್ಕಿ ಕಾಕಾಗೆ ಇಷ್ಟೇ ಹೇಳು, ಶೆಹಿಲಿ ಬೀಸ್ತಿದೆ ಅಂತ."

ಮೇಲೆ ಬಂದು ಕೂತೆ. ಬಿಳಿ ಅಂಗಿಯಲ್ಲೇ. ಕಣ್ಣಿಗೆ ಮರಳು ಹೊಡೆಯುತ್ತಿತ್ತು. ಬೈನಾಕ್ಯುಲರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ವಾಪಸ್. ಒಂದು ಸಲ ಎರಡನೇ ಗೋಪುರದ ಮೇಲೆ ಬೆಳ್ಳಗೆ ಏನೋ ಅಲುಗಿದ ಹಾಗಾಯಿತು. ಯಾರೋ ಬಿಟ್ಟುಹೋದ ಬಟ್ಟೆ ಇರಬೇಕು. ಹೊಗೆಯಲ್ಲ, ಅಷ್ಟು ಸಾಕು.

ಸಂಜೆ ಮತ್ತೆ ಬಂಡೆಗೆ ಹೋದೆ. ಅಮ್ಮ ಎತ್ತಿದಳು. ದನಿ ಬತ್ತಿಹೋಗಿತ್ತು. "ಎಲ್ಲ ಮುಗೀತು ಬಿಡು. ನಿನ್ನ ಮಾತು ಹೇಳಿದ ತಕ್ಷಣ ಮೆಕ್ಕಿ ಎದ್ದುಬಿಟ್ರು. ಕಾಫಿ ಬಟ್ಟಲು ಬಾಯಿಗೆ ಹೋಗ್ತಿತ್ತು, ಹಾಗೇ ಕೆಳಗಿಟ್ಟು ಹೊರಟುಹೋದ್ರು. ಬಂದ ಜನ ಕುರಿ ಮಾಂಸ, ಕುಸ್ಕುಸ್ ಎಲ್ಲ ತಿಂದು ಬಾಯಿ ಒರೆಸ್ಕೊಂಡು ಹೋದ್ರು. ಫಾತಿಹಾ ಮಾತ್ರ ಯಾರೂ ಓದ್ಲಿಲ್ಲ!"

ನಜ್ಲಾಗೆ ಫೋನ್ ಮಾಡಿದೆ. ಎತ್ತಲಿಲ್ಲ.

ಸೆಪ್ಟೆಂಬರ್ 21, ಶನಿವಾರ

ಗಾಳಿ. ಅವಳು ಇವತ್ತೂ ಎತ್ತಲಿಲ್ಲ. ಮಳೆ ಬಂದಿದ್ದರೆ ಇಳಿದು ಹೋಗಿ ಬಾಗಿಲು ಬಡಿಯುತ್ತಿದ್ದೆ.

ಸೆಪ್ಟೆಂಬರ್ 22, ಭಾನುವಾರ

ಗಾಳಿ ನಿಂತಿದೆ. ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಂಜೆ ಬಿಸಿಲು ಇನ್ನೂ ಇರುವಾಗ ಪಿಕಪ್ಪಿನ ಸದ್ದು ಕೇಳಿತು, ಅದರ ಹಿಂದೆ ಶಿಹಾಬನ ಬೈಕು. ನಾನು ಏಣಿಯ ಅರ್ಧದಲ್ಲೇ ನಿಂತೆ. ಪಿಕಪ್ಪಿನಿಂದ ಮೊದಲು ಮೆಕ್ಕಿ ಕಾಕಾ ಇಳಿದರು. ಆಮೇಲೆ ನನ್ನಮ್ಮ, ಮುಖ ಗಂಟು ಹಾಕಿಕೊಂಡು. ಆಮೇಲೆ ನಜ್ಲಾ. ಶಿಹಾಬನ ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದ ಪಿಜ್ಜಾ ಡಬ್ಬಗಳು, ಒಂದರ ಮೇಲೊಂದು.

ಅಮ್ಮ ಇಳಿದದ್ದೇ ಶುರು ಮಾಡಿದಳು. "ಹುಡುಗನ ಕಡೆಯೋರು ಹುಡುಗಿ ಮನೆಗೆ ಹೋಗೋದು ಕೇಳಿದೀನಿ. ಹುಡುಗೀನ ಪಿಕಪ್ಪಲ್ಲಿ ಕೂರಿಸ್ಕೊಂಡು ಹುಡುಗನ ಹತ್ರ ಬರೋದು ಯಾವ ಕಾಲದಲ್ಲೂ ಕೇಳಿಲ್ಲ! ನನ್ನತ್ತೆ ಬದುಕಿದ್ದಿದ್ರೆ ಇವತ್ತೇ ಸಾಯ್ತಿದ್ರು."

"ಅತ್ತೇ, ಅವನು ಇಳಿಯಲ್ಲ, ನಾವು ಹತ್ತಲೇಬೇಕಲ್ಲ" ಅಂದಳು ನಜ್ಲಾ. ನನ್ನ ಕಡೆ ನೋಡಲೇ ಇಲ್ಲ.

"ನಿಮ್ಮಮ್ಮ ಬಂದಿಲ್ವಾ?" ಅಂತ ಮೆಲ್ಲಗೆ ಕೇಳಿದೆ ಶಿಹಾಬನನ್ನು.

"ನಮ್ಮಮ್ಮ ಏನಂದ್ಲು ಗೊತ್ತಾ? ಒಂದು ಕುರಿ ಬೇಯಿಸಿದ್ದಾಯ್ತು, ಬರದೇ ಕೂತ ಆ ಅಳಿಯನಿಗೋಸ್ಕರ ಎರಡನೇ ಸಲ ಒಲೆ ಹಚ್ಚಲ್ಲ, ಏನಾದ್ರೂ ಹಾಳುಮೂಳು ತಿನ್ಕೊಂಡು ಬನ್ನಿ ಅಂದ್ಲು. ಹಾಳುಮೂಳು ಅಂದ್ರೆ ನಮ್ಮಂಗಡಿದೇ!"

ಕಂಬಳಿ ಹಾಸಿದೆ. ಡಬ್ಬ ತೆರೆದರೆ ಪಿಜ್ಜಾ ಆರಿ ಚಪ್ಪಲಿಯ ಹಾಗಾಗಿತ್ತು. ಟ್ಯೂನಾ ಮೀನು, ಕಪ್ಪು ಆಲಿವ್, ನಡುವೆ ಒಂದು ಮೊಟ್ಟೆ, ಚೀಸು ಕಲ್ಲಾಗಿತ್ತು. "ಒಂದು ನಿಮಿಷ" ಅಂತ ಶಿಹಾಬ್ ಒಣಕಡ್ಡಿ ಕೂಡಿಸಿ ಮೂರು ಕಲ್ಲಿಟ್ಟ. "ಬಿಸಿ ಮಾಡಿದ್ರೆ ನೋಡಿ ಇದರ ರುಚೀನ."

ಅವನು ಜೇಬಿನಿಂದ ಲೈಟರ್ ತೆಗೆದ. ನಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮೊದಲೇ ಕಾಲಿನಿಂದ ಕಡ್ಡಿಗಳನ್ನು ಚೆಲ್ಲಾಡಿಬಿಟ್ಟಿದ್ದೆ.

"ಇಲ್ಲಿ ಬೆಂಕಿ ಹಚ್ಚಬೇಡ."

"ಲೋ, ಇಷ್ಟೇ ಇಷ್ಟು! ಬಾಬಾನೇ ಕೂತಿದಾರೆ, ಕಾಡಿನ ಯಜಮಾನ್ರು. ಊರಲ್ಲಿ ಮಳೆ ಬಂದು ಕೆರೆ ತುಂಬಿದೆ."

"ಊರಲ್ಲಿ ಬಂದಿದೆ. ಇಲ್ಲಿ ಬಂದಿಲ್ಲ. ತಣ್ಣಗೇ ತಿನ್ನು."

ದನಿ ಸ್ವಲ್ಪ ಜೋರಾಯಿತು. ಅಮ್ಮ ತುಟಿ ಕಚ್ಚಿಕೊಂಡಳು. ಮಾವ ಆಗಬೇಕಾದವರ ಮುಂದೆ, ಅವರ ಮಗನ ಮೇಲೆ. ಇನ್ನು ಉಳಿದದ್ದೂ ಹೋಯಿತು ಅಂದುಕೊಂಡೆ. ಮೆಕ್ಕಿ ಕಾಕಾ ಡಬ್ಬದ ಕಡೆ ಕೈ ಚಾಚಿದರು. ಒಂದು ತುಂಡು ಎತ್ತಿ ತಣ್ಣಗೇ ತಿನ್ನತೊಡಗಿದರು. ತುಂಬ ಹೊತ್ತು ಅಗಿದರು.

"ಉಪ್ಪು ಜಾಸ್ತಿ" ಅಂದರು ಶಿಹಾಬನಿಗೆ.

"ಅದು ಆಲಿವ್ ಬಾಬಾ!"

ನಜ್ಲಾಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನನ್ನ ಕಡೆ ನೋಡಿದಳು. ಕಣ್ಣು ಊದಿತ್ತು.

"ಶುಕ್ರವಾರ ಬಾಬಾ ಎಲ್ಲಿಗೆ ಹೋದ್ರು ಅಂತ ಗೊತ್ತಾ ನಿಂಗೆ?"

"ಕೋಪ ಮಾಡ್ಕೊಂಡು..."

"ಎರಡನೇ ಗೋಪುರಕ್ಕೆ. ಶೆಹಿಲಿ ಅಂದ ತಕ್ಷಣ. ಹೊಸ ಬಿಳಿ ಜುಬ್ಬಾದಲ್ಲೇ, ವೈರ್‌ಲೆಸ್ ಕೂಡ ಮರೆತು. ಎಲ್ಲಿಗೆ ಹೋದ್ರು ಅಂತ ನಮಗೂ ಗೊತ್ತಿಲ್ಲ. ನಿನ್ನೆ ಸಂಜೆ ಗಾಳಿ ನಿಂತ ಮೇಲೆ ಬಂದ್ರು, ಮೈಯೆಲ್ಲ ಮರಳು. ನೀನು ನನ್ನನ್ನೇ ಬೇಡ ಅಂದ್ಬಿಟ್ಟೆ ಅಂದ್ಕೊಂಡು ನಾನು ಎರಡು ದಿನ ಫೋನ್ ಮುಟ್ಟದೆ ಅತ್ತಿದೀನಿ. ಅಲ್ಲಿ ನೋಡಿದ್ರೆ ನೀವಿಬ್ರೂ ಎದುರುಬದುರು ಕೂತು ಕಾಡು ನೋಡ್ತಿದ್ದೀರ!"

ಆ ಬಿಳಿ ಬಟ್ಟೆ. ನಾನು ಕಾಕಾನನ್ನು ನೋಡಿದೆ. ಅವರು ಬೆರಳಿನ ಎಣ್ಣೆಯನ್ನು ಡಬ್ಬದ ಮುಚ್ಚಳಕ್ಕೆ ಒರೆಸುತ್ತಿದ್ದರು.

"ನಾನು ಕೆಳಗಿನ ಮಳೆ ನೋಡಿ ಇಡೀ ಗುಡ್ಡಕ್ಕೆ ಬಂತು ಅಂದ್ಕೊಂಡೆ" ಅಂದರು. "ಈ ವಯಸ್ಸಲ್ಲಿ ಮಾಡೋ ತಪ್ಪಲ್ಲ ಅದು."

"ನೋಡಿ ಬಾಬಾ" ಅಂದಳು ನಜ್ಲಾ, "ಕೂರೋನೇ ಬೇಕು ಅಂತ ಹಟ ಹಿಡಿದ್ರಿ. ಈಗ ಸಿಕ್ಕಿರೋನು ಏಳೋದೇ ಇಲ್ಲ. ಮದುವೆ ದಿನ ಇವನನ್ನ ಕುರ್ಚಿ ಸಮೇತ ಹೊತ್ಕೊಂಡು ಬರಬೇಕು."

ಅಮ್ಮನೂ ನಕ್ಕಳು. ನಕ್ಕ ಮೇಲೆ ನಕ್ಕದ್ದಕ್ಕೆ ಸಿಟ್ಟು ಬಂದು, ಚೀಲದಿಂದ ಬಾದಾಮಿ ಸಿಹಿಯ ಡಬ್ಬಿ ತೆಗೆದು ಕಂಬಳಿಯ ನಡುವೆ ಕುಕ್ಕಿದಳು. "ಶುಕ್ರವಾರದ್ದು. ಹಾಳಾಗಿಲ್ಲ."

ಮೆಕ್ಕಿ ಕಾಕಾ ಡಬ್ಬಿಯನ್ನು ನೋಡಿದರು, ಅಮ್ಮನನ್ನು ನೋಡಿದರು. "ಇಮಾಮ್ ಇಲ್ಲ, ಕುರಿ ಇಲ್ಲ. ನಿಮಗೆ ಪರವಾಗಿಲ್ವಾ ತಂಗಿ?"

"ಓದಿಬಿಡಿ ಅಣ್ಣಾ" ಅಂದಳು ಅಮ್ಮ. "ಇನ್ನೊಂದು ಶುಕ್ರವಾರ ಅಂದ್ರೆ ಇವನು ಏನು ಬೀಸ್ತಿದೆ ಅಂತಾನೋ."

ಕಾಕಾ ಎರಡು ಅಂಗೈ ಬಿಡಿಸಿ ಎದೆಯ ಮುಂದೆ ಹಿಡಿದರು. ನಾವೂ ಹಿಡಿದೆವು. ನಜ್ಲಾಳ ಹೆಬ್ಬೆರಳಿನಲ್ಲಿ ಟೊಮೆಟೊ ಮೆತ್ತಿತ್ತು. ಅವರು ಮೆಲ್ಲಗೆ ಓದಿದರು, ಎಲ್ಲರ ತುಟಿಯೂ ಅಲುಗಿತು. ಶಿಹಾಬನ ಬಾಯಲ್ಲಿ ಇನ್ನೂ ಪಿಜ್ಜಾ ಇತ್ತು, ಅವನು ಅಗಿಯುವುದನ್ನು ನಿಲ್ಲಿಸಿದ. ಓದು ಮುಗಿದ ಮೇಲೆ ಎಲ್ಲರೂ ಅಂಗೈಯಿಂದ ಮುಖ ಸವರಿಕೊಂಡೆವು. ಅಮ್ಮ ಕೆಳಗಿನ ಹಳ್ಳಿಗೂ ಕೇಳುವ ಹಾಗೆ ನಾಲಿಗೆ ಆಡಿಸಿ ಉಲುಲು ಹಾಕಿದಳು. ಎದುರಿನ ಗುಡ್ಡದಿಂದ ಗಂಡು ಜಿಂಕೆ ಉತ್ತರ ಕೊಟ್ಟಿತು. ಎಲ್ಲರೂ ಬೆಚ್ಚಿಬಿದ್ದರು, ನನ್ನನ್ನು ಬಿಟ್ಟು.

ಹೊರಡುವಾಗ ಕಾಕಾ ಪಿಕಪ್ಪಿನ ಬಾಗಿಲು ತೆರೆದು ಹಿಡಿದು, "ಬರ್ತೀಯಾ?" ಅಂದರು.

"ಇಲ್ಲ ಕಾಕಾ, ಇನ್ನೂ..."

"ಗೊತ್ತು. ಕೇಳ್ದೆ ಅಷ್ಟೇ."

ಸೆಪ್ಟೆಂಬರ್ 25, ಬುಧವಾರ

ಊಟೆಯ ಹತ್ತಿರ ಗುಲಾಬಿ ಬಣ್ಣದ ಸಣ್ಣ ಹೂವುಗಳು ಬಂದಿವೆ. ಇವಕ್ಕೂ ಎಲೆ ಇಲ್ಲ, ದಳ ಹಿಂದಕ್ಕೆ ಬಾಚಿದ ಹಾಗಿದೆ. ಹೆಸರು ಗೊತ್ತಿಲ್ಲ. ನಜ್ಲಾಳನ್ನು ಕೇಳಬೇಕು. ಕಾಡುಹಂದಿಗಳು ಓಕ್ ಮರದ ಬುಡವನ್ನೆಲ್ಲ ಉತ್ತುಹಾಕಿವೆ.

ಸೆಪ್ಟೆಂಬರ್ 28, ಶನಿವಾರ

ಬೆಳಿಗ್ಗೆ ಹಕ್ಕಿಗಳು ಸುಮ್ಮನಿದ್ದವು. ಮಧ್ಯಾಹ್ನದ ಮೇಲೆ ಶುರುವಾಯಿತು. ಗುಡುಗಿಲ್ಲ, ಗಾಳಿಯಿಲ್ಲ, ನೇರವಾಗಿ ಇಳಿಯಿತು. ಮೊದಲು ಎಲೆಗಳ ಮೇಲಷ್ಟೇ ನಿಂತಿತು, ಕೆಳಗೆ ನೆಲ ಒಣಗೇ ಇತ್ತು. ಆಮೇಲೆ ಕೊಂಬೆಯಿಂದ ಕೊಂಬೆಗೆ ದಾರಿ ಮಾಡಿಕೊಂಡು ಬಂತು. ಸುಲಿದ ಮರಗಳ ಮೈ ನೆನೆದು ಕಪ್ಪಾಯಿತು. ಎಲೆ ಎತ್ತಿ ಕೈಯಲ್ಲಿ ಹಿಂಡಿ ನೋಡಿದೆ. ಪುಡಿಯಾಗಲಿಲ್ಲ, ಒದ್ದೆ ಬಟ್ಟೆಯ ಹಾಗೆ ಮಡಿಚಿಕೊಂಡಿತು.

ವೈರ್‌ಲೆಸ್ಸಿನಲ್ಲಿ ಹೇಳಿದೆ. "ಮೂರನೇ ಗೋಪುರ. ಮಳೆ ಬಂತು."

"ಒಳ್ಳೇದು ಮಗಾ" ಅಂದರು ಮೆಕ್ಕಿ ಕಾಕಾ. ಅಷ್ಟೇ.

ಪ್ಲಾಸ್ಟಿಕ್ ಹಾಳೆ ತಲೆಯ ಮೇಲೆ ಹಾಕಿಕೊಂಡು ಬಂಡೆಗೆ ಹೋದೆ. ನಾನು ಒತ್ತುವ ಮೊದಲೇ ಅವಳ ಫೋನ್ ಬಂತು.

"ಬಾಬಾ ಹೇಳಿದ್ರು. ನಿಜವಾಗ್ಲೂ ಬಂತಾ?"

"ಬಂತು."

"ಹಂಗಾದ್ರೆ ಇನ್ನೇನು? ಇಳಿ. ಅಮ್ಮ ಕೂಡ ಒಲೆ ಹಚ್ಚಿದಾಳೆ."

"ಬರ್ತೀನಿ. ಸ್ವಲ್ಪ ಹೊತ್ತು."

"ಯಾಕೆ, ಮಳೆಗೂ ಕಾವಲು ಬೇಕಾ?"

ನಾನು ತಲೆಯ ಮೇಲಿನ ಹಾಳೆ ಹಿಂದಕ್ಕೆ ಸರಿಸಿ ಮರಗಳ ಕಡೆ ನೋಡಿದೆ.

"ವಜ್ದಿ, ಅಲ್ಲಿ ಏನದು ಸದ್ದು? ಇಲ್ಲಿ ಹಿಂಗೆ ಬೀಳಲ್ವಲ್ಲ ಮಳೆ."

"ಮರದ ಮೇಲೆ ಬೀಳೋದು."

"ಫೋನ್ ಇಡಬೇಡ. ಆ ಕಡೆ ಹಿಡಿ, ಕೇಳ್ತೀನಿ."

ನಾನು ಫೋನನ್ನು ಮರಗಳ ಕಡೆ ಹಿಡಿದುಕೊಂಡು ನಿಂತೆ.